ಎಪ್ಪತ್ತೊಂದು ಮನೆಯ ಮುನಿಶಾಮಿ

ಹದಿನಾಲ್ಕು ವರ್ಷದ ಹಿಂದೆ ಮುರಿಗೆಪ್ಪ ತನ್ನ ಮನೆ ಮಾಲೀಕ ಮುನಿಶಾಮಿಗೆ ಒಂದು ಮಾತು ಕೊಟ್ಟಿದ್ದ. ಸಂದರ್ಭ ಅಂಥ ದೊಡ್ಡದೇನಲ್ಲ. ಗದಗಿನ ಕಡೆಯಿಂದ ಬಂದು ಯಲಹಂಕದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿ, ಹುಣಸಮಾರನಹಳ್ಳಿಯಲ್ಲಿ ಮುನಿಶಾಮಿಯ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದ ಹೊಸತು. ಮಾಲೀಕರನ್ನು ಮೆಚ್ಚಿಸಬೇಕೆಂಬ ಹುಮ್ಮಸ್ಸಿನಲ್ಲಿ ತಾನೇ ನಿಂತು ಗೇಟಿಗೆ ನೀಲಿ ಬಣ್ಣ ಹೊಡೆಸಿದ. ಹೊಡೆಸುವಾಗ ಗೇಟಿನ ಮೇಲಿದ್ದ ‘ಮುನಿಶಾಮಿ’ ಎಂಬ ಹೆಸರೂ ನೀಲಿಯೊಳಗೆ ಮುಳುಗಿತು. ಖಾಲಿ ಜಾಗ ಕಣ್ಣಿಗೆ ಚುಚ್ಚುತ್ತದಲ್ಲ ಎಂದು ಅಲ್ಲಿ ‘ಮುರಿಗೆಪ್ಪ, ಬಿ.ಕಾಂ.’ ಎಂದು ಬರೆಸಿದ. ಸಂಜೆ ಡೇರಿಗೆ ಹಾಲು ಹಾಕಿ ಬಂದ ಮುನಿಶಾಮಿ ತನ್ನ ಮನೆ ಸಿಗದೆ ಎರಡು ಸಲ ಬೀದಿ ಸುತ್ತಿದನಂತೆ.

ಮುನಿಶಾಮಿ ಬೈಯಲಿಲ್ಲ. ಕ್ಯಾನು ಕೆಳಗಿಟ್ಟು, ಕೈ ಚಾಚಿ ನಿಂತ.

“ನೀವೆಲ್ಲ ಬಂದ್‌ಮ್ಯಾಕೆ ಊರಾಗೆ ಒಂದ್ ಎಸ್ರೂ ಉಳೀತಾ ಇಲ್ಲ ಕಣಪ್ಪ. ನಮ್ಮಪ್ಪನ ರಾಗಿ ವೊಲ ಈಗ ಎಂಥದೋ ಎನ್‌ಕ್ಲೇವು ಅನ್ನೋ ಲೇಔಟು. ನನ್ನ ಎಸ್ರನ್ನಾದ್ರೂ ನಿನ್ ಕೈಲಿ ಅಳಿಸಾಕಲ್ಲ ಅಂತ ಬಾಸೆ ಕೊಡು.”

“ನನ್ನ ಕೈಲೆ ನಿಮ್ಮ ಹೆಸರ ಎಂದೂ ಅಳಸಂಗಿಲ್ರಿ ಯಜಮಾನ್ರ” ಎಂದು ಮುರಿಗೆಪ್ಪ ಆ ಕೈ ಮೇಲೆ ಕೈ ಇಟ್ಟ. ಮರುದಿನವೇ ಪೇಂಟರನ್ನು ಕರೆಸಿ, ಬಿ.ಕಾಂ. ಪದವಿಯ ಸಮೇತ ತನ್ನನ್ನು ಗೇಟಿನಿಂದ ಇಳಿಸಿ, ಮುನಿಶಾಮಿಯನ್ನು ಮತ್ತೆ ಏರಿಸಿದ.

ಮುನಿಶಾಮಿ ತೀರಿಕೊಂಡು ಈಗ ಮೂರು ವರ್ಷ. ಗೇಟಿನ ಮೇಲಿನ ಹೆಸರು ಹಾಗೇ ಇದೆ. ಮಾತು ಉಳಿಸಿಕೊಳ್ಳುವುದು ಎಂಥ ಸುಲಭದ ಕೆಲಸ ಎಂದು ಮುರಿಗೆಪ್ಪನಿಗೆ ಒಳಗೊಳಗೇ ಹೆಮ್ಮೆ. ಗೇಟು ಒಂದೇ ಇದ್ದ ಕಾಲದಲ್ಲಿ ಅದು ಸುಲಭವೇ. ಆದರೆ ಮುನಿಶಾಮಿ ಬದುಕಿದ್ದಾಗಲೇ, ಐದು ವರ್ಷದ ಹಿಂದೆ, ಊರಿಗೆ ನೀರಿನ ಮಿಷನ್ನು ಬಂದಿತ್ತು.

ಕುಡಿಯುವ ನೀರಿನ ಈ ಮಿಷನ್ನಿಗೆ ಒಂದು ಕಮಿಟಿ, ಕಮಿಟಿಗೆ ಒಬ್ಬ ಅಧ್ಯಕ್ಷ, ಅಧ್ಯಕ್ಷನಿಗೆ ಸರ್ವಿಸ್ ರೋಡಿನಲ್ಲಿ ಒಂದು ಸಿಮೆಂಟು ಅಂಗಡಿ. ಹೆಸರು ಸುರೇಶ್. ನಿಯಮ ಮಾಡಿದವನೂ ಅವನೇ. ಊರಿನ ಮನೆಯಾದರೆ ಮನೆಯ ಪ್ರತಿಯೊಬ್ಬ ದೊಡ್ಡವರ ಹೆಸರಿಗೂ ಒಂದೊಂದು ಕಾರ್ಡು, ಕಾರ್ಡಿಗೆ ದಿನಕ್ಕೊಂದು ಕ್ಯಾನು ನೀರು. ಬಾಡಿಗೆ ಮನೆಯಾದರೆ ಇಡೀ ಸಂಸಾರಕ್ಕೆ ಒಂದೇ ಹೆಸರು, ಒಂದೇ ಕಾರ್ಡು. ಬಾಡಿಗೆದಾರರಿಗೆ ಬಾಯಾರಿಕೆ ಕಡಿಮೆ ಎಂಬುದು ಕಮಿಟಿಯ ಅಭಿಪ್ರಾಯವಿದ್ದಿರಬೇಕು. ಅವರನ್ನು ಯಾರೂ ಮೀಟಿಂಗಿಗೆ ಕರೆದಿರಲಿಲ್ಲ.

ಹಾಗೆ ನೋಡಿದರೆ ಮುರಿಗೆಪ್ಪನನ್ನು ಕರೆದಿದ್ದರು. ಅವನ ಹೆಗಲ ಮೇಲೆ ಎಷ್ಟೋ ವರ್ಷದಿಂದ ಒಂದು ಲ್ಯಾಪ್‌ಟಾಪ್ ಬ್ಯಾಗು ತೂಗುತ್ತಿತ್ತು. ಅದರೊಳಗೆ ಇರುತ್ತಿದ್ದದ್ದು ರೊಟ್ಟಿಯ ಡಬ್ಬಿ ಎಂಬುದು ಹೆಂಡತಿ ನಿಂಗವ್ವನಿಗೆ ಮಾತ್ರ ಗೊತ್ತು. ಮಿಷನ್ನು ಕೂರಿಸಿದ ಕಂಪನಿಯವರು, ಹೆಸರಿನ ಪಟ್ಟಿ ಡೇಟಾಬೇಸಿನಲ್ಲಿರುತ್ತದೆ, ನೋಡಿಕೊಳ್ಳಲು ಊರಲ್ಲಿ ಯಾರಾದರೂ ತಿಳಿದವರಿದ್ದಾರೆಯೇ ಎಂದು ಕೇಳಿದಾಗ ಎಲ್ಲರೂ ಆ ಬ್ಯಾಗಿನ ಕಡೆ ತಿರುಗಿದರು. ಮುರಿಗೆಪ್ಪ ಗಂಟಲು ಸರಿ ಮಾಡಿಕೊಂಡು, ಡೇಟಾಬೇಸ್ ಏನ್ರಿ, ದಿನಾ ಅದರಾಗ ಇರ್ತೀವಿ ಎಂದುಬಿಟ್ಟ. ಅವನು ದಿನಾ ಇರುತ್ತಿದ್ದದ್ದು ಅಡ್ಮಿಷನ್ ಅರ್ಜಿಗಳಲ್ಲಿ. ಆದರೂ ಪಾಸ್‌ವರ್ಡು ಅವನ ಪಾಲಿಗೆ ಬಂತು. ಕಾಲೇಜು ಬಿಸಾಕಿದ ಒಂದು ಹಳೆಯ ಲ್ಯಾಪ್‌ಟಾಪೂ ಬಂತು. ಪಟ್ಟಿಯ ನಕಲು ಪ್ರತಿದಿನ ತಾನಾಗಿ ತೆಗೆದಿಡುವ ಏರ್ಪಾಡು ಬೇಕೇ ಎಂದು ಕಂಪನಿಯ ಹುಡುಗ ಹೇಮಂತ ಕೇಳಿದ್ದಕ್ಕೆ, ನಾ ಇರಾಕ ಅದೆಲ್ಲ ಯಾಕ್ರಿ ಎಂದೂ ಹೇಳಿದ್ದ. ಈ ಮಾತನ್ನು ಓದುಗರು ನೆನಪಿಡಬೇಕಿಲ್ಲ, ಹೇಮಂತ ನೆನಪಿಟ್ಟಿದ್ದಾನೆ.

ಈ ಯುಗಾದಿಗೆ ಮಿಷನ್ನಿಗೆ ಬಾಯಿ ಬಂತು. ಕಾರ್ಡು ತೋರಿಸಿದರೆ ಅದು ಹೆಣ್ಣು ದನಿಯಲ್ಲಿ ಹೆಸರು ಹಿಡಿದು ನಮಸ್ಕಾರ ಹೇಳಿ, ಆಮೇಲೆ ನೀರು ಬಿಡುತ್ತಿತ್ತು. ಒಂದು ತಿಂಗಳು ಊರೆಲ್ಲ ಆ ನಮಸ್ಕಾರಕ್ಕೆ ಹಲ್ಲು ಕಿರಿಯಿತು. ಆಮೇಲೊಂದು ದಿನ ನಸುಕಿನಲ್ಲಿ ಮುನಿಲಕ್ಷ್ಮಮ್ಮನ ಸೊಸೆ ಮಾಲಾ ಕ್ಯಾನು ಹಿಡಿದು ಹೋದಾಗ, “ನಮಸ್ಕಾರ, ಮುನಿಶಾಮಿಯವರೇ” ಎಂದು ಮಿಷನ್ನು ಹೇಳಿದ್ದು ಅವಳ ಕಿವಿಗೆ ಬಿತ್ತು. ತಲೆಗೆ ಬಟ್ಟೆ ಹೊದ್ದ ಆಕೃತಿಯೊಂದು ಕ್ಯಾನು ಎತ್ತಿಕೊಂಡು ಕತ್ತಲಲ್ಲಿ ಕರಗಿತು. ಮಾಲಾ ತನ್ನ ಕ್ಯಾನನ್ನು ಅಲ್ಲೇ ಬಿಟ್ಟು ಓಡಿದಳು. ಅವಳು ಮನೆ ಸೇರುವಷ್ಟರಲ್ಲಿ ಆ ಆಕೃತಿ ಎರಡು ಅಡಿ ಬೆಳೆದಿತ್ತು. ಎಂಟು ಗಂಟೆಗೆ ಟೀ ಅಂಗಡಿ ಮುಟ್ಟುವಾಗ ಅದರ ಪಾದಗಳು ಹಿಂದುಮುಂದಾಗಿದ್ದವು. ಹತ್ತು ಗಂಟೆಗೆ ಸುದ್ದಿ ಸಿಮೆಂಟು ಅಂಗಡಿಗೆ ಬಂದಾಗ, ಮುನಿಶಾಮಿ ಕಮಿಟಿಯನ್ನೇ ಬೈದು ಹೋದನೆಂದು ತಿಳಿದುಬಂತು.

ಸುರೇಶ್ ಮುರಿಗೆಪ್ಪನನ್ನು ಕರೆಸಿ, ಸತ್ತವನ ಕಾರ್ಡಿನಲ್ಲಿ ಬದುಕಿರುವ ಯಾರೋ ನೀರು ಹಿಡಿಯುತ್ತಿದ್ದಾರೆ, ಅದಕ್ಕೆ ದೆವ್ವ ಬೇಕಾಗಿಲ್ಲ ಎಂದ. ಇದು ಮುರಿಗೆಪ್ಪನಿಗೂ ಒಪ್ಪಿಗೆಯಾಯಿತು.

“ಮನುಷ್ಯ ಹೋದ್ಮೇಲೆ ಪಟ್ಟಿಯಿಂದಾನೂ ಹೋಗ್ಬೇಕಲ್ವಾ ಸಾರ್? ಇರೋದ್ರಲ್ಲಿ ನೀವೊಬ್ರೇ ಕಂಪ್ಯೂಟರ್ ಗೊತ್ತಿರೋರು. ತೆಗ್ದಾಕ್ಬಿಡಿ.”

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಗಿರಾಕಿಗಳ ಮುಂದೆ ಹೊಗಳಿಸಿಕೊಂಡವನು ಇಲ್ಲ ಎನ್ನುವುದುಂಟೆ? ಆತು ಎಂದು ಮುರಿಗೆಪ್ಪ ತಲೆಯಾಡಿಸಿ ಬಂದ. ಗೇಟಿನ ಹತ್ತಿರ ಮುನಿಶಾಮಿಯ ಹೆಂಡತಿ ಮುನಿಕೃಷ್ಣಮ್ಮ ಕಾದು ನಿಂತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಮನೆಗೆ ಬಂದಿತ್ತು.

“ಅವುನ್ ಎಸ್ರು ತೆಗೀತಾರಂತೆ. ನೀನು ಬಾಸೆ ಕೊಟ್ಟಿದ್ದೀಯ ಕಣಪ್ಪ, ನಾನೂ ಅಲ್ಲೇ ನಿಂತಿದ್ದೆ.”

ಛೇ ಛೇ, ನಾ ಮುಟ್ಟಂಗಿಲ್ಲವ್ವ ಎಂದ ಮುರಿಗೆಪ್ಪ. ಹೀಗೆ ಅರ್ಧ ಗಂಟೆಯೊಳಗೆ ಅವನು ತೆಗೆಯುವೆನೆಂದು ಒಬ್ಬರಿಗೂ ತೆಗೆಯೆನೆಂದು ಇನ್ನೊಬ್ಬರಿಗೂ ಹೇಳಿ, ಮೆಟ್ಟಿಲು ಹತ್ತುವಾಗ ಎರಡಕ್ಕೂ ಸಲ್ಲುವ ಒಂದು ದಾರಿ ಹುಡುಕಿದ. ತಾನು ಮಾತು ಕೊಟ್ಟದ್ದು ಗೇಟಿನ ಮುಂದೆ, ಬಣ್ಣದ ವಿಷಯದಲ್ಲಿ, ಕೈಯಿಂದ ಅಳಿಸುವ ಕುರಿತು. ಕಂಪ್ಯೂಟರಿನಲ್ಲಾದರೆ ಅಳಿಸುವುದು ಕಂಪ್ಯೂಟರು. ಮನುಷ್ಯ ಬರೇ ಹೇಳುತ್ತಾನೆ. ಈ ನ್ಯಾಯವನ್ನು ಅವನು ನಿಂಗವ್ವನ ಮುಂದಿಟ್ಟ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ಒಂದು ಕ್ಷಣ ನಿಂತಿತು.

“ಆ ಹೆಸರಿನ ಉಸಾಬರಿಗೆ ಹೋಗಬ್ಯಾಡ್ರಿ. ಸುಮ್ನ ಇರ್ರಿ.”

ಹೆಂಡತಿ ಸುಮ್ಮನಿರು ಎಂದರೆ ಯಾಕೆ ಎಂದು ಕೇಳುವ ಅಭ್ಯಾಸ ಮುರಿಗೆಪ್ಪನಿಗೆ ಇರಲಿಲ್ಲ. ಸುಮ್ಮನಿರುವ ಅಭ್ಯಾಸವೂ ಇರಲಿಲ್ಲ. ಅವನು ಹೇಮಂತನಿಗೆ ಫೋನು ಮಾಡಿದ.

ಹೇಮಂತ ಒಳ್ಳೆಯ ಹುಡುಗ, ತಾಳ್ಮೆಯಿಂದ ವಿವರಿಸಿದ. ಒಂದು ಮನೆಗೆ ಒಂದು ಡಾಕ್ಯುಮೆಂಟು. ಅದರೊಳಗೆ ಆ ಮನೆಯವರ ಹೆಸರುಗಳದೊಂದು ಅರ್ರೇ, ಅಂದರೆ ಊಟದ ಪಂಕ್ತಿಯ ಹಾಗೆ, ಒಬ್ಬರ ಪಕ್ಕ ಒಬ್ಬರು ಕೂತಿರುತ್ತಾರೆ. ಪಂಕ್ತಿಯಿಂದ ಒಬ್ಬರನ್ನು ಎಬ್ಬಿಸಲು ಬೇರೆ ಬೇರೆ ಆಜ್ಞೆಗಳಿವೆ. ಪಾಪ್ ಅಂತ ಒಂದಿದೆ, ಅದರ ತಂಟೆಗೆ ಹೋಗಬೇಡಿ, ತುದಿಯಲ್ಲಿ ಕೂತವರು ಯಾರೇ ಆಗಲಿ ಎಬ್ಬಿಸಿಬಿಡುತ್ತದೆ. ನಿಮಗೆ ಬೇಕಾದದ್ದು ಪುಲ್. ಅದು ಹೆಸರು ಹಿಡಿದು ಎಬ್ಬಿಸುತ್ತದೆ. ಮೊದಲ ಬ್ರಾಕೆಟ್ಟಿನಲ್ಲಿ ಯಾವ ಮನೆ ಅಂತ ಬರೆಯಿರಿ, ಎರಡನೆಯದರಲ್ಲಿ ಯಾರು ಅಂತ ಬರೆಯಿರಿ.

ಪಂಕ್ತಿಯ ಮಾತು ಕೇಳಿ ಮುರಿಗೆಪ್ಪನಿಗೆ ಖುಷಿಯಾಯಿತು. ಮದುವೆ ಮನೆಗಳಲ್ಲಿ ಅವನು ಎಷ್ಟೋ ಪಂಕ್ತಿಗಳನ್ನು ಕೂರಿಸಿದ್ದ, ಎಬ್ಬಿಸಿದ್ದ. ಇಷ್ಟು ಸುಲಭದ ವಿದ್ಯೆಗೆ ಹುಡುಗರು ನಾಲ್ಕು ವರ್ಷ ಓದುತ್ತಾರಲ್ಲ ಎಂದುಕೊಂಡು, ಹಳೆಯ ಅರ್ಜಿಯೊಂದರ ಬೆನ್ನಿಗೆ ಎಲ್ಲ ಬರೆದುಕೊಂಡ. ಆಗ ಹೇಮಂತ, ಒಂದೇ ಒಂದು ಹುಷಾರು ಸರ್, ಮೊದಲ ಬ್ರಾಕೆಟ್ ಖಾಲಿ ಬಿಟ್ಟರೆ, ಎಂದು ಶುರು ಮಾಡಿದ. ಅದೇ ಗಳಿಗೆಗೆ ತಲೆಯ ಮೇಲೆ ವಿಮಾನ ಬಂತು. ವಿಮಾನ ನಿಲ್ದಾಣದ ಪಕ್ಕದಲ್ಲಿರುವ ಈ ಕಡೆಯವರಿಗೆ ಇದು ಹೊಸದಲ್ಲ. ವಿಮಾನ ಬಂದರೆ ಮಾತು ನಿಲ್ಲಿಸಿ, ಹೋದ ಮೇಲೆ ನಿಂತಲ್ಲಿಂದ ಮುಂದುವರಿಸುತ್ತಾರೆ. ಫೋನಿನ ಆ ತುದಿಯಲ್ಲಿದ್ದ ಹೇಮಂತನಿಗೆ ಈ ರೂಢಿ ಗೊತ್ತಿರಲಿಲ್ಲ. ಖಾಲಿ ಬಿಟ್ಟರೆ ಆಜ್ಞೆ ಊರಿನ ಎಲ್ಲ ಮನೆಗಳಿಗೂ ನುಗ್ಗುತ್ತದೆ ಎಂಬ ಅವನ ಮಾತು ವಿಮಾನದ ಜತೆ ಹೊರಟುಹೋಯಿತು. ಗೊತ್ತಾಯ್ತಾ ಸರ್ ಎಂದು ಕೇಳಿದ್ದು ಮಾತ್ರ ಕೇಳಿಸಿತು. ಕಾಲೇಜು ಆಫೀಸಿನಲ್ಲಿ ಹದಿನಾಲ್ಕು ವರ್ಷ ಸವೆಸಿದವನು ಹುಡುಗನ ಹತ್ತಿರ ಇನ್ನೊಮ್ಮೆ ಹೇಳಿಸಿಕೊಳ್ಳುವುದೇ? ಗೊತ್ತಾತು ಬಿಡ್ರಿ ಎಂದ.

ಬರೆಯಲು ಕೂತಾಗ ಎರಡು ತೊಡಕು ಬಂದವು. ಮುನಿಕೃಷ್ಣಮ್ಮನ ಮನೆಗೆ ನಂಬರುಗಳು ಮೂರು: ಪಂಚಾಯ್ತಿಯದೊಂದು, ಹೊಸ ಖಾತೆಯದೊಂದು, ಕರೆಂಟು ಬಿಲ್ಲಿನದೊಂದು. ಪಟ್ಟಿಯಲ್ಲಿ ಯಾವುದಿದೆಯೋ. ತಪ್ಪು ಬರೆಯುವುದಕ್ಕಿಂತ ಬರೆಯದಿರುವುದು ಮೇಲು ಎಂಬ ಗುಮಾಸ್ತರ ಧರ್ಮದಂತೆ ಮೊದಲ ಬ್ರಾಕೆಟ್ಟನ್ನು ಖಾಲಿ ಬಿಟ್ಟ. ಎರಡನೆಯದು ಹೆಸರು. ಇಂಗ್ಲಿಷಿನಲ್ಲಿ ಮುನಿಶಾಮಿಯನ್ನು ಪಡಿತರ ಚೀಟಿಯಲ್ಲಿ ಒಂದು ಥರ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಥರ, ಡೇರಿಯ ಪುಸ್ತಕದಲ್ಲಿ ಮತ್ತೊಂದು ಥರ ಬರೆದಿದ್ದರು. ಮುರಿಗೆಪ್ಪ ಯೋಚಿಸಿದ. ಫೋನಿನಲ್ಲಿ ಮೊದಲ ನಾಲ್ಕಕ್ಷರ ಒತ್ತಿದರೆ ಹೆಸರು ತಾನೇ ಬರುವುದಿಲ್ಲವೆ? ಹೇಮಂತ ಹಿಂದೊಮ್ಮೆ ಹುಡುಕಲು ಹೇಳಿಕೊಟ್ಟ ಉಪಾಯವನ್ನೇ ಬಳಸಿ, ‘ಮುನಿ’ ಎಂದು ಶುರುವಾಗುವ ಹೆಸರನ್ನು ಎಬ್ಬಿಸು ಎಂದು ಬರೆದ. ಗದಗ ಸೀಮೆಯಲ್ಲಿ ಇದು ನಿರಪಾಯದ ಆಜ್ಞೆ. ಅಲ್ಲಿ ಈ ಹೆಸರಿನವರು ಹುಡುಕಿದರೂ ಸಿಗರು. ಹುಣಸಮಾರನಹಳ್ಳಿಯ ಸುತ್ತಮುತ್ತ ಮುನೇಶ್ವರ ಮನೆದೇವರು. ಹಳೇ ತಲೆಮಾರಿನವರಿಗೆ ಹೆಸರಿಡುವಾಗ ಮೊದಲು ಮುನಿ ಎಂದು ಬರೆದು, ಮುಂದಿನದನ್ನು ಆಮೇಲೆ ಯೋಚಿಸುತ್ತಿದ್ದರು.

ಮುರಿಗೆಪ್ಪ ಎಂಟರ್ ಒತ್ತಿದ. ತೆರೆಯ ಮೇಲೆ ಉತ್ತರ ಬಂತು. ನೋಡಿದ ಮನೆಗಳು ನೂರಾ ಹನ್ನೆರಡು, ಬದಲಾದ ಮನೆಗಳು ಎಪ್ಪತ್ತೊಂದು.

ಅವನು ಎರಡು ಸಲ ಓದಿದ. ಮೂರನೆಯ ಸಲಕ್ಕೆ ಎದ್ದು ನಿಂತ. ಒಂದೇ ಮನೆಯಲ್ಲಿ ಇರಬೇಕಾದ ಮುನಿಶಾಮಿ ಎಪ್ಪತ್ತೊಂದು ಮನೆಗಳಲ್ಲಿ ಕೂತಿದ್ದಾನೆ! ಊರಿಗೆ ಊರೇ ಒಬ್ಬ ಸತ್ತವನ ಹೆಸರು ತಮ್ಮ ತಮ್ಮ ಮನೆಗೆ ಸೇರಿಸಿಕೊಂಡು ನೀರು ಹೊಡೆಯುತ್ತಿದೆ! ಲ್ಯಾಪ್‌ಟಾಪನ್ನು ಮುಚ್ಚಿದರೆ ಸಾಕ್ಷಿ ಅಳಿಸಿಹೋದೀತೆಂದು ತೆರೆದೇ ಎರಡು ಕೈಯಲ್ಲಿ ಹಿಡಿದು, ಮಂಗಳಾರತಿಯ ತಟ್ಟೆ ಒಯ್ಯುವವನಂತೆ ಸಿಮೆಂಟು ಅಂಗಡಿಗೆ ಓಡಿದ.

ಸುರೇಶನಿಗೆ ಆದ ಸಂತೋಷವನ್ನು ವರ್ಣಿಸುವುದು ಕಷ್ಟ. ಐದು ವರ್ಷ ಅಧ್ಯಕ್ಷನಾಗಿದ್ದರೂ ಒಂದು ಹಗರಣವನ್ನೂ ಹಿಡಿಯುವ ಯೋಗ ಅವನಿಗೆ ಬಂದಿರಲಿಲ್ಲ. ನಿಂತ ನಿಲುವಿನಲ್ಲೇ ಊರಿನ ವಾಟ್ಸಾಪ್ ಗುಂಪಿಗೆ, ಎಪ್ಪತ್ತೊಂದು ಮನೆಗಳ ನೀರು ಕಳ್ಳತನ ಪತ್ತೆ, ಕಮಿಟಿಯ ಸಾಹಸ ಎಂದು ಬರೆದು ಹಾಕಿದ. ಕಳ್ಳರ ಫೋಟೋ ಮಿಷನ್ನಿನ ಗೋಡೆಗೆ, ಭಾನುವಾರ ಮುರಿಗೆಪ್ಪನಿಗೆ ಶಾಲು, ಹಣ್ಣಿನ ತಟ್ಟೆ ಎಂದು ಅಲ್ಲೇ ತೀರ್ಮಾನವಾಯಿತು. ಗುಂಪಿನಲ್ಲಿ ಎಪ್ಪತ್ತೊಂದು ಮನೆಯವರೂ ಇದ್ದರು. ಉಳಿದ ನಲವತ್ತೊಂದು ಮನೆಯವರೂ ಇದ್ದರು. ಪ್ರತಿಯೊಬ್ಬರೂ ಕಳ್ಳರು ಪಕ್ಕದ ಮನೆಯವರೆಂದು ತಿಳಿದು, ಕಳ್ಳರಿಗೆ ತಕ್ಕ ಶಿಕ್ಷೆಯಾಗಬೇಕೆಂದು ಹೆಬ್ಬೆರಳು ಎತ್ತಿದರು.

ಮನೆಗೆ ಬಂದು ಮುರಿಗೆಪ್ಪ ನಿಂಗವ್ವನಿಗೆ ಎಲ್ಲ ಹೇಳಿದ. ಸಿಕ್ಕಿಬಿದ್ದವರಿಗೆ ಏನು ಮಾಡುತ್ತಾರೆ ಎಂದು ಅವಳು ಕೇಳಿದಳು. ಅವರ ಫೋಟೋ ಮಿಷನ್ನಿನ ಗೋಡೆಗೆ ಹಚ್ಚತೀವಿ, ಒಬ್ಬರನ್ನೂ ಬಿಡಂಗಿಲ್ಲ ಎಂದ. ಆ ಹೊತ್ತಿನ ಚಹಾಕ್ಕೆ ನಿಂಗವ್ವ ಸಕ್ಕರೆಯ ಬದಲು ಉಪ್ಪು ಹಾಕಿದಳು. ಉತ್ಸಾಹದಲ್ಲಿದ್ದ ಮುರಿಗೆಪ್ಪ ಅದನ್ನು ಕುಡಿದೂಬಿಟ್ಟ.

ಮರುದಿನ ಬೆಳಗ್ಗೆ ಆರಕ್ಕೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಿಷನ್ನಿನ ಮುಂದೆ ಹಾಜರಾದ. ಸಾಲು ಉದ್ದವಿತ್ತು. ಮೊದಲು ನಿಂತಿದ್ದವನು ಹಾಲಿನ ಮುನಿಯಪ್ಪ. ಕಾರ್ಡು ತೋರಿಸಿದ. ಕ್ಷಮಿಸಿ, ಈ ಹೆಸರು ಪಟ್ಟಿಯಲ್ಲಿ ಇಲ್ಲ ಎಂದಿತು ಮಿಷನ್ನು. ಮುನಿಯಪ್ಪ ಕಾರ್ಡನ್ನು ಪಂಚೆಗೆ ಒರೆಸಿ ಮತ್ತೆ ತೋರಿಸಿದ. ಮಿಷನ್ನು ಅಷ್ಟೇ ನಯವಾಗಿ ಮತ್ತೆ ಕ್ಷಮೆ ಕೇಳಿತು. ಮುನಿಲಕ್ಷ್ಮಮ್ಮ ಬಂದಳು, ಇಲ್ಲ. ಮುನಿನಂಜಪ್ಪ ಬಂದ, ಇಲ್ಲ. ಮುನಿಚೌಡಪ್ಪ, ಮುನಿತಾಯಮ್ಮ, ಮುನಿವೆಂಕಟಪ್ಪ, ಯಾರೂ ಇಲ್ಲ. ಹಿಂದಿನಿಂದ ಟೈಲರ್ ಜಿಯಾವುಲ್ಲಾ ಬಂದು ಕಾರ್ಡು ಮುಟ್ಟಿಸಿದ. “ನಮಸ್ಕಾರ, ಜಿಯಾವುಲ್ಲಾ ಅವರೇ” ಎಂದು ನೀರು ಭೋರೆಂದು ಸುರಿಯಿತು. ಎಲೆಕ್ಟ್ರಿಷಿಯನ್ ಮುರುಗೇಶನಿಗೂ ನಮಸ್ಕಾರ, ನೀರು. ಎಲ್ಲರೂ ಮುರಿಗೆಪ್ಪನ ಕಡೆ ನೋಡಿದರು. ಅವನ ಕಾರ್ಡನ್ನು ಮುನಿಯಪ್ಪನೇ ಜೇಬಿನಿಂದ ಎಳೆದು ತೋರಿಸಿದ. ಮಿಷನ್ನು ಮುರಿಗೆಪ್ಪನಿಗೆ ಎಂದಿಗಿಂತ ಇಂಪಾಗಿ ನಮಸ್ಕಾರ ಹೇಳಿತು ಎಂದು ಆಮೇಲೆ ಹಲವರು ಸಾಕ್ಷಿ ನುಡಿದರು.

“ಊರ್ನೋರ್‌ಗೆ ಇಲ್ಲ, ಬಂದೋರ್‌ಗೆ ಐತೆ” ಎಂದ ಮುನಿಯಪ್ಪ. “ಗೇಟಿಗೆ ಬಣ್ಣ ಒಡ್ಸಿದಾಗ್ಲೇ ನಂಗೆ ಅನುಮಾನ ಇತ್ತು ಕಣ್ರಪ್ಪ.”

ಗಲಾಟೆ ಕೇಳಿ ಸುರೇಶ್ ಬಂದ. ಅವನ ಮನೆಗೆ ನೀರು ತರುತ್ತಿದ್ದವನು ಅಂಗಡಿಯ ಆಳು, ಆದ್ದರಿಂದ ಅಧ್ಯಕ್ಷರು ಮಿಷನ್ನಿನ ಬಾಯಿಂದ ನಮಸ್ಕಾರ ಕೇಳಿದ್ದೇ ಇಲ್ಲ. ಎಲ್ಲರೂ ಹಿಂದೆ ಸರಿಯಿರಿ, ತೋರಿಸುವ ಕ್ರಮ ಗೊತ್ತಿರಬೇಕು ಎಂದು ತನ್ನ ಕಾರ್ಡು ಹಿಡಿದ. ಕ್ಷಮಿಸಿ ಎಂದಿತು ಮಿಷನ್ನು. ತಾನು ಸುರೇಶ್, ತನ್ನ ಹೆಸರಲ್ಲಿ ಯಾವ ಮುನಿಯೂ ಇಲ್ಲ ಎಂದು ಅವನು ಮಿಷನ್ನಿನ ಜತೆ ವಾದಕ್ಕೆ ನಿಂತಾಗ ಮುನಿಕೃಷ್ಣಮ್ಮ ಮುಂದೆ ಬಂದಳು.

“ನಿಮ್ಮಪ್ಪ ಇಟ್ಟಿದ್ದು ಮುನಿಸುರೇಶ ಅಂತ. ಅಂಗಡಿ ಬೋರ್ಡು ಬರಿಸೋವಾಗ ಮುನೀನ ಬಿಟ್ಟೆ. ಕಾರ್ಡು ಮಾಡ್ಸೋವಾಗ ಆಧಾರು ಕೊಟ್ಟೆ. ಅದ್ರಾಗೆ ಮುನಿ ಇಲ್ದೆ ವೋಗ್ತದಾ?”

ಈಗ ಮುರಿಗೆಪ್ಪನಿಗೆ ಬೆಳಗಾಯಿತು. ಎಪ್ಪತ್ತೊಂದು ಮನೆಗಳಲ್ಲಿ ಕೂತಿದ್ದವನು ಒಬ್ಬ ಮುನಿಶಾಮಿಯಲ್ಲ. ಎಪ್ಪತ್ತೊಂದು ಮನೆಗಳ ಬದುಕಿರುವ ಮುನಿಗಳನ್ನೆಲ್ಲ ತಾನು ಎಲೆಯ ಮುಂದಿನಿಂದ ಎಬ್ಬಿಸಿ ಕಳಿಸಿದ್ದ. ಅವನು ಹೇಮಂತನಿಗೆ ಫೋನು ಹಚ್ಚಿದ. ಎಬ್ಬಿಸಿದವರು ತಾವಾಗಿ ಬಂದು ಕೂರುವುದಿಲ್ಲ, ನಕಲು ಇದ್ದರೆ ಐದು ನಿಮಿಷದ ಕೆಲಸ ಎಂದ ಹೇಮಂತ. ಆಮೇಲೆ, ನೀವಿರುವಾಗ ನಕಲು ಯಾಕೆ ಅಂದಿದ್ದಿರಲ್ಲ ಸರ್ ಎಂದ. ಈ ಸಲ ವಿಮಾನ ಬರಲಿಲ್ಲ. ಪ್ರತಿ ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು.

ಏಳು ಗಂಟೆಗೆ ಊರು ಮುನಿಶಾಮಿಯ ಮನೆಯ ಅಂಗಳದಲ್ಲಿತ್ತು. ಅಂಗಳದ ನಡುವೆ ಸ್ಟೂಲು, ಸ್ಟೂಲಿನ ಮೇಲೆ ಲ್ಯಾಪ್‌ಟಾಪು, ಅದರ ಹಿಂದೆ ಮುರಿಗೆಪ್ಪ. ಹೊರಗಿನವರೆಲ್ಲ ಸೇರಿ ಊರಿನವರನ್ನು ತೆಗೆದುಹಾಕುವ ಸಂಚಿದು ಎಂದು ಒಬ್ಬ. ಇವತ್ತು ನೀರು, ನಾಳೆ ಜಮೀನು ಎಂದು ಇನ್ನೊಬ್ಬ. ನಡುವೆ ಮಾಲಾ ನೀರು ಕೊಡುವ ನೆಪದಲ್ಲಿ ಹತ್ತಿರ ಬಂದು, ಮನೆಯಲ್ಲಿ ಈಗ ತನ್ನ ಕಾರ್ಡೊಂದೇ ನಡೆಯುತ್ತಿದೆ, ಅತ್ತೆ ಬೆಳಗಿನಿಂದ ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದಾರೆ, ಸರಿ ಮಾಡಲು ಒಂದು ವಾರ ಹಿಡಿಯುತ್ತೆ ಅಂದುಬಿಡಿ ಸಾರ್ ಎಂದು ಪಿಸುಗುಟ್ಟಿ ಹೋದಳು. ಅವಳ ಹಿಂದೆ ಇನ್ನೂ ಮೂವರು ಸೊಸೆಯರು ಅದೇ ಬಿನ್ನಹಕ್ಕೆ ಕಾದಿದ್ದರು.

ಸುರೇಶನಿಗೆ ಹಗರಣವನ್ನು ಕೈಬಿಡಲು ಮನಸ್ಸಿಲ್ಲ. ಎಪ್ಪತ್ತು ತಪ್ಪಾಗಿರಬಹುದು, ಆದರೆ ಒಂದಂತೂ ನಿಜ. ಮುನಿಶಾಮಿಯ ಕಾರ್ಡಿನಲ್ಲಿ ನೀರು ಹಿಡಿದವರು ಯಾರು, ಅದು ಈಗಲೇ ಇತ್ಯರ್ಥವಾಗಲಿ ಎಂದ. ಮುರಿಗೆಪ್ಪನಿಗೂ ಹೊಸ ಹುರುಪು ಬಂತು. ಎದ್ದು ನಿಂತು, ಆ ಕಳ್ಳ ಯಾರೇ ಇರಲಿ, ಎಂದು ಶುರು ಮಾಡಿದ. ಆಗ ನಿಂಗವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ ಮೆಟ್ಟಿಲಿಳಿದು ಬಂದು ಸ್ಟೂಲಿನ ಮೇಲೆ ಒಂದು ಕಾರ್ಡು ಇಟ್ಟಳು.

“ಮೂರು ವರ್ಷದಿಂದ ನಾನ ತರಾಕತ್ತೀನ್ರಿ. ನಮ್ಮೂರ ಕಡಿಯಿಂದ ಪರೀಕ್ಷೆ ಬರ್ಯಾಕ ಬರೋರು, ದವಾಖಾನಿಗೆ ತೋರಸಾಕ ಬರೋರು, ಒಬ್ಬರ ಹೋದ್ರ ಇಬ್ಬರ ಬರ್ತಾರ. ಒಂದ ಕ್ಯಾನಿನಾಗ ಹೆಂಗ ನೀಗಸಲಿ?”

ಮಾಲಾ ಆ ಸೆರಗನ್ನು ನೋಡಿದಳು. ಎರಡು ಅಡಿ ಬೆಳೆದಿದ್ದ, ಪಾದ ತಿರುಗಿದ್ದ ಮುನಿಶಾಮಿ ನಿಂಗವ್ವನಷ್ಟು ಎತ್ತರಕ್ಕೆ ಇಳಿದ. ಟೈಲರ್ ಜಿಯಾವುಲ್ಲಾ, ಅಳತೆ ತೆಗೆಯುವವನ ಗಂಭೀರ ದನಿಯಲ್ಲಿ, “ಸರ್, ಗೋಡೆಗೆ ಹಚ್ಚೋ ಫೋಟೋ ಯಾವ ಸೈಜು?” ಎಂದು ಕೇಳಿದ. ಮುರಿಗೆಪ್ಪ ಕೂತುಕೊಂಡ.

“ಕಾರ್ಡು ನಾನೇ ಕೊಟ್ಟಿದ್ದು” ಎಂದಳು ಮುನಿಕೃಷ್ಣಮ್ಮ. “ಮಿಷನ್ಗೆ ಬಾಯಿ ಬಂದ್‌ಮ್ಯಾಕೆ ಅವ್ಳೇ ವಾಪಸ್ ಕೊಡಕ್ ಬಂದ್ಲು. ನಾನೇ ಬ್ಯಾಡ ಅಂದೆ. ಬೆಳಗ್ಗೆ ಅದು ಅವುನ್ ಎಸ್ರು ಕೂಗೋದು ನಮ್ಮನೆ ಕಿಟಕೀಗೆ ಕೇಳ್ತದೆ.”

ಮುನಿನಂಜಪ್ಪ ಕೆಮ್ಮಿ, ಹಾಗಾದರೆ ತೀರಿಹೋದ ತನ್ನ ತಾಯಿಯ ಹೆಸರನ್ನೂ ಸೇರಿಸಿಬಿಡಿ, ಅವಳಿಗೂ ಈ ಊರಿನ ನೀರಿನ ಮೇಲೆ ಹಕ್ಕಿದೆ ಎಂದ. ಇನ್ನೊಬ್ಬರಿಗೆ ತಾತ ನೆನಪಾದ. ಮತ್ತೊಬ್ಬರಿಗೆ ಇಬ್ಬರು ತಾತಂದಿರು. ನೋಡನೋಡುತ್ತ ಅಂಗಳದಲ್ಲಿ ಬದುಕಿರುವವರಿಗಿಂತ ಸತ್ತವರೇ ಹೆಚ್ಚಾದರು. ನಿಯಮ ಎಲ್ಲರಿಗೂ ಒಂದೇ ಇರಬೇಕು ಎಂದ ಸುರೇಶ್, ತನ್ನ ದೊಡ್ಡಪ್ಪನ ಹೆಸರನ್ನು ಚೀಟಿಯಲ್ಲಿ ಬರೆಯುತ್ತ.

ಮುರಿಗೆಪ್ಪನಿಗೆ ಈ ಊರಿನಲ್ಲಿ ಉಳಿಯಲು ಒಂದೇ ದಾರಿ ಕಂಡಿತು. ಕೊಟ್ಟ ಮಾತೊಂದನ್ನಾದರೂ ಉಳಿಸಿಕೊಳ್ಳಬೇಕು. ಮುನಿಕೃಷ್ಣಮ್ಮನ ಕಡೆ ತಿರುಗಿ, ಎಲ್ಲಾರಗಿಂತ ಮೊದಲ ಯಜಮಾನ್ರ ಹೆಸರ ಹಾಕ್ತೀನವ್ವ, ಆಮ್ಯಾಗ ಬಾಕಿ ನೋಡೋಣು ಎಂದು ಬೆರಳು ಎತ್ತಿದ.

“ತಡಿ” ಎಂದಳು ಅವಳು. ಕುರ್ಚಿ ತರಿಸಿಕೊಂಡು ಅವನ ಪಕ್ಕ ಕೂತಳು. “ಯಾವ್ ಮನೇಲಿ ಯಾರ್ ಅವ್ರೆ ಅಂತ ನಂಗೆ ಗೊತ್ತು. ನಾನು ಯೋಳ್ತೀನಿ, ನೀನು ಬರ್ಕೊ. ಇರೋರ್ನ ಯೋಳ್ತೀನಿ. ವೋದೋರ್ನ ಯೋಳಲ್ಲ.”

“ಹಂಗಾರೆ ನಿಮ್ಮನೇದು?” ಎಂದ ಮುನಿನಂಜಪ್ಪ.

“ನಮ್ಮನೇದೇ ಮೊದ್ಲು ಬರ್ಕೊ. ಮುನಿಕೃಷ್ಣಮ್ಮ. ನನ್ ಮಗ ಜಗನ್. ಮೊಮ್ಮಗಳು ನಂದಿತಾ.” ಅಷ್ಟು ಹೇಳಿ ಅವಳು ಗೇಟಿನ ಕಡೆ ನೋಡಿದಳು. “ನಿಂಗವ್ವ.”

ಬಾಡಿಗೆಯವರ ಹೆಸರು ಮಾಲೀಕರ ಮನೆಯಲ್ಲಿ ಬರುವಂತಿಲ್ಲ ಎಂದು ಸುರೇಶ್ ಬಾಯಿ ತೆರೆದ. ಮುನಿಸುರೇಶ, ನಿನ್ನ ಮನೆ ಬಂದಾಗ ಕರೀತೀನಿ, ಕುಂತ್ಕೊ ಎಂದಳು ಮುನಿಕೃಷ್ಣಮ್ಮ. ಅಧ್ಯಕ್ಷರು ಕುಂತರು.

ಆಮೇಲೆ ಮುನಿನಂಜಪ್ಪನ ತಾಯಿಯೂ ಆ ಎಲ್ಲ ತಾತಂದಿರೂ ಬಂದ ದಾರಿಯಲ್ಲೇ ಹಿಂತಿರುಗಿದರು. ಮುನಿಕೃಷ್ಣಮ್ಮ ಕೆರೆಯ ದಿಕ್ಕಿನ ಮನೆಯಿಂದ ಹಿಡಿದು ಒಂದೊಂದೇ ಮನೆ ಹೇಳುತ್ತ ಹೋದಳು. ಯಾರು ಯಾರ ಮಗ, ಯಾರು ಮುನಿಸಿಕೊಂಡು ಬೇರೆ ಒಲೆ ಹೂಡಿದ್ದಾರೆ, ಯಾವ ಮುನಿರಾಜುವಿಗೆ ಕಾರ್ಡು ಎರಡು ಮನೆಯಲ್ಲಿದೆ ಮತ್ತು ಯಾಕಿದೆ ಎಲ್ಲ ಅವಳ ಬಾಯಲ್ಲಿತ್ತು. ಎರಡು ಮನೆಯ ಮುನಿರಾಜು ಮಧ್ಯದಲ್ಲೇ ಎದ್ದು ಹೋದ. ಮುರಿಗೆಪ್ಪ ಪ್ರತಿಸಲವೂ ಮೊದಲ ಬ್ರಾಕೆಟ್ಟಿನಲ್ಲಿ ಮನೆ ತುಂಬಿ, ಗಟ್ಟಿಯಾಗಿ ಓದಿ, ಮನೆಯವರಿಂದ ಹೌದು ಅನ್ನಿಸಿಕೊಂಡೇ ಎಂಟರ್ ಒತ್ತಿದ. ನಾಲ್ಕು ಸಲ ವಿಮಾನ ಬಂತು. ನಾಲ್ಕು ಸಲವೂ ಇಡೀ ಊರು ಮಾತು ನಿಲ್ಲಿಸಿ, ಅದು ಹೋಗುವವರೆಗೆ ಕಾದು ಕೂತಿತು. ನಿಂಗವ್ವ ಎರಡು ಪಾತ್ರೆ ಚಹಾ ಕಾಸಿ ಹಂಚಿದಳು. ಮುನಿಯಪ್ಪ ಮೂರು ಲೋಟ ಕುಡಿದು, ಗೇಟಿನ ಬಣ್ಣದ ಮಾತು ವಾಪಸು ತೆಗೆದುಕೊಂಡ.

ಮಧ್ಯಾಹ್ನ ಒಂದೂವರೆಗೆ ಎಪ್ಪತ್ತೊಂದನೆಯ ಮನೆ ಮುಗಿಯಿತು. ಬದುಕಿದ್ದ ಮುನಿಗಳೆಲ್ಲ ತಮ್ಮ ತಮ್ಮ ಪಂಕ್ತಿಗೆ ಮರಳಿದರು. ಮುನಿಶಾಮಿಯ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ತೆಗೆದವನು ಮುರಿಗೆಪ್ಪ, ತೆಗೆದದ್ದು ಅವನ ಕೈಯಿಂದಲೇ. ಹದಿನಾಲ್ಕು ವರ್ಷದ ಹಿಂದೆ ಕೊಟ್ಟ ಮಾತು ತಪ್ಪಿತು.